ಓರೆಗಣ್ಣಲ್ಲಿ ನೋಡು

ಬೆಳಿಗ್ಗೆ ಅಂಗಡಿಯ ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ನುಗ್ಗಿದಾಗ ಅವನಿಗೆ ಮೊದಲು ಕಂಡದ್ದು ಭಾವನ ಬೈನಾಕ್ಯುಲರ್. ನಿನ್ನೆ ಸಂಜೆ ಭಾವನೇ ಮೇಜಿನ ಮೇಲೆ ಇಟ್ಟು ಹೋಗಿದ್ದ. ಕನ್ನಡಕದ ಕಡ್ಡಿಗಳು, ಮೂಗಿನ ಪ್ಯಾಡುಗಳು, ಲೆನ್ಸಿನ ಚೂರುಗಳ ನಡುವೆ ಅದು ಮನೆಗೆ ಬಂದ ಬೀಗರ ಹಾಗೆ ಜಾಗ ಹಿಡಿದು ಕೂತಿತ್ತು. "ಚಳಿ ಮುಗೀತಾ ಬಂತು ಕಣೋ ಧೂಮಕೇತು, ಒಳಗೆ ಮಂಜುಗಿಂಜು ಕೂತಿದ್ರೆ ಒರೆಸಿಕೊಡು. ನಾಳೆ ಸಂಜೆ ಕೊನೇ ಸಲ ಎಲ್ಲರೂ ತಾರಸಿಗೆ ಬರ್ತಾರೆ, ಆಮೇಲೆ ಪೆಟ್ಟಿಗೆಗೆ ಹಾಕಿಬಿಡೋಣ," ಅಂದಿದ್ದ ಭಾವ. ಎಷ್ಟು ಹೊತ್ತಿನ ಕೆಲಸ! ರಬ್ಬರಿನ ಹೊದಿಕೆಯ ಅಂಚು ಎಬ್ಬಿಸಬೇಕು, ಒಳಗೆ ತಾನೇ ಓರೆ ಮಾಡಿಟ್ಟ ಆ ಪುಟ್ಟ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಬೇಕು, ಮುಚ್ಚಬೇಕು. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ಆದರೆ ಕೈ ಮುಂದೆ ಹೋಗಲಿಲ್ಲ. ಕರುಣೆಯಿಂದಲ್ಲ, ಛೆ, ಕರುಣೆ ಯಾರಿಗೆ ಬೇಕು. ಒಂದು ಚಳಿಗಾಲ ಪೂರ್ತಿ ತನ್ನನ್ನು ಒಳಗಿಂದ ಬೆಚ್ಚಗಿಟ್ಟ ವಸ್ತುವನ್ನು ಇಷ್ಟು ಬೇಗ ಆರಿಸಿಬಿಡಲು ಮನಸ್ಸು ಒಪ್ಪಲಿಲ್ಲ, ಅಷ್ಟೇ. ಮಧ್ಯಾಹ್ನ ನೋಡಿದರಾಯಿತು ಎಂದುಕೊಂಡು ಅದರ ಮೇಲೆ ಲೆನ್ಸ್ ಒರೆಸುವ ಬಟ್ಟೆ ಮುಚ್ಚಿದ.

ಧೂಮಕೇತು! ಅಂಗಡಿಯ ಹೊರಗೆ ಬೋರ್ಡಿನ ಮೇಲೆ ಅವನ ಹೆಸರಿದೆ, ದೊಡ್ಡ ಅಕ್ಷರದಲ್ಲಿ, ಅದನ್ನು ಓದುವವರು ಯಾರೂ ಇಲ್ಲ. ಹಾಲಿನವನಿಂದ ಹಿಡಿದು ಕೆಳಮನೆಯ ನರ್ಸಮ್ಮನವರೆಗೆ ಎಲ್ಲರಿಗೂ ಅವನು ಧೂಮಕೇತು. ಕಳೆದ ಚಳಿಗಾಲದ ಒಂದೇ ಒಂದು ಸಂಜೆಯ ಫಲ ಅದು. ಇದೇ ಬೈನಾಕ್ಯುಲರ್ ಹಿಡಿದು ಒಬ್ಬನೇ ತಾರಸಿಯಲ್ಲಿದ್ದ. ಭಾವ ಕಲಿಸಿದ್ದ ಹಾಗೆಯೇ ನೋಡುತ್ತಿದ್ದ: "ಮಸುಕಾಗಿರೋದನ್ನ ಗುರಿಯಿಟ್ಟು ನೋಡಬಾರದು ಕಣೋ, ಅದು ನಾಚಿಕೊಂಡು ಅಡಗಿಬಿಡುತ್ತೆ. ಪಕ್ಕದ ಚುಕ್ಕಿ ನೋಡ್ತಿರೋ ಹಾಗೆ ನಾಟಕ ಮಾಡು. ಓರೆಗಣ್ಣಲ್ಲಿ ನೋಡು, ತಾನಾಗೇ ಬರುತ್ತೆ." ಹಾಗೆ ನಾಟಕ ಮಾಡುತ್ತಿದ್ದಾಗಲೇ ಬಂದಿತ್ತು, ಉಸಿರು ಬಿಟ್ಟ ಗಾಜಿನ ಮೇಲಿನ ಆವಿಯಷ್ಟು ತೆಳ್ಳಗೆ, ಉದ್ದಕ್ಕೆ. ಹಿಂದಿನ ವಾರವಷ್ಟೇ ಪೇಪರಿನಲ್ಲಿ ಯಾವುದೋ ದೇಶದ ಅಡಿಗೆಯವನೊಬ್ಬ ಧೂಮಕೇತು ಕಂಡುಹಿಡಿದ ಸುದ್ದಿ ಓದಿದ್ದ. ಅಡಿಗೆಯವನಿಗೆ ಸಿಕ್ಕಿದ್ದು ಕನ್ನಡಕದವನಿಗೆ ಯಾಕೆ ಸಿಗಬಾರದು? ಮೆಟ್ಟಿಲು ಹಾರಿ ಹಾರಿ ಇಳಿದು ಕಟ್ಟಡದ ಒಂದೊಂದು ಮನೆಯ ಬಾಗಿಲನ್ನೂ ಬಡಿದಿದ್ದ. ಎಲ್ಲರೂ ಬಂದರು. ಅವನ ಹೆಂಡತಿ ಪಕ್ಕದಲ್ಲಿ ನಿಂತು, ಎಷ್ಟೋ ವರ್ಷಗಳ ಮೇಲೆ, ನಾಲ್ಕು ಜನರ ಎದುರು ಅವನ ತೋಳು ಹಿಡಿದುಕೊಂಡಿದ್ದಳು. ಭಾವ ಕೊನೆಗೆ ಬಂದ. ನಿಧಾನಕ್ಕೆ ನೋಡಿದ. ಬೈನಾಕ್ಯುಲರ್ ಕೆಳಗಿಳಿಸಿ, ದುಃಖದ ಮುಖ ಮಾಡಿ, "ಇದು ದೇವಯಾನಿ ಗೆಲಾಕ್ಸಿ ಅಲ್ವೇನೋ? ನಿಮ್ಮ ಮುತ್ತಾತ ತೊಟ್ಟಿಲಲ್ಲಿ ಅಳ್ತಿದ್ದಾಗಲೂ ಅಲ್ಲೇ ಇತ್ತು. ನೀನು ಕಂಡುಹಿಡೀತೀಯ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ, ಪಾಪ," ಅಂದ. ಆಮೇಲೆ ಭಾವ, "ಬಾಲ ಎಲ್ಲಿ ಅಂತ ಹುಡುಕ್ತಿದ್ದೀಯಾ? ಸ್ವಲ್ಪ ಹಿಂದೆ ತಿರುಗಿ ನೋಡ್ಕೋ," ಅಂದಾಗ ಎಲ್ಲರೂ ತಾರಸಿ ಹಾರಿಹೋಗುವ ಹಾಗೆ ನಕ್ಕರು. ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ತೋಳಿನ ಮೇಲಿದ್ದ ಹೆಂಡತಿಯ ಕೈ ಬಿಟ್ಟುಹೋಯಿತು. ನಗು ಮುಚ್ಚಿಕೊಳ್ಳುವುದಕ್ಕೆ ಅವಳಿಗೆ ಆ ಕೈ ಬೇಕಾಗಿತ್ತು. ಇವತ್ತಿಗೂ ಚಳಿಗೆ ಆ ಜಾಗ ಬೇರೆಯಾಗಿ ತಣ್ಣಗಾಗುತ್ತದೆ.

ಬಾಗಿಲಲ್ಲಿ ನೆರಳು ಬಿತ್ತು. ಬೀದಿಯ ಕೊನೆಯ ಹೊಲಿಗೆಯಂಗಡಿಯ ಹೆಂಗಸು ಬಂದಿದ್ದಳು, ಸೂಜಿಗೆ ದಾರ ಪೋಣಿಸುವುದಕ್ಕೆ ಆಗುತ್ತಿಲ್ಲವಂತೆ. ಕುರ್ಚಿಯಲ್ಲಿ ಕೂರಿಸಿ, ಅಕ್ಷರದ ಹಲಗೆ ಓದಿಸಿದ. ಆಮೇಲೆ ಅಭ್ಯಾಸಬಲದಿಂದ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ. "ನನ್ನ ಮೂಗನ್ನೇ ನೋಡ್ತಿರಿ. ಆಚೆ ಈಚೆ ನೋಡಬಾರದು. ಪಕ್ಕದಿಂದ ಬೆರಳು ಆಡಿಸ್ಕೊಂಡು ಬರ್ತೀನಿ, ಕಂಡ ತಕ್ಷಣ ಹೇಳಬೇಕು." ಅವಳ ಕಿವಿಯ ಹಿಂದಿನಿಂದ ಬೆರಳು ಮುಂದಕ್ಕೆ ಹೊರಟಿತೋ ಇಲ್ಲವೋ, "ಬಂತು, ಬಂತು," ಎಂದು ಅವಳು ಚಿಕ್ಕ ಹುಡುಗಿಯ ಹಾಗೆ ನಕ್ಕಳು. "ಇದು ಯಾಕೆ?" "ನಲವತ್ತು ದಾಟಿದವರಿಗೆಲ್ಲ ಮಾಡ್ತೀನಮ್ಮ. ಕಣ್ಣಿನೊಳಗೆ ಪ್ರೆಶರ್ ಏರೋ ಒಂದು ಕಾಯಿಲೆ ಇದೆ. ಅದು ಕಳ್ಳ. ನಡುಮನೆಗೆ ಕೈ ಹಾಕಲ್ಲ, ಸುತ್ತಲ ಗೋಡೆಯಿಂದ ತಿಂತಾ ಬರುತ್ತೆ. ನೇರ ನೋಡೋದೆಲ್ಲ ಚೆನ್ನಾಗೇ ಕಾಣ್ತಿರುತ್ತೆ, ಹಾಗಾಗಿ ಗೊತ್ತೇ ಆಗಲ್ಲ. ಹೋದದ್ದು ಹೋಯ್ತು, ಯಾವ ದೇವರೂ ವಾಪಸ್ ಕೊಡಲ್ಲ. ಮೊದಲೇ ಗೊತ್ತಾದ್ರೆ ಡಾಕ್ಟರು ಡ್ರಾಪ್ಸ್ ಕೊಟ್ಟು ಇರೋದನ್ನ ಉಳಿಸ್ತಾರೆ." ಎಷ್ಟು ಸಲ ಹೇಳಿದ್ದನೋ, ಬಾಯಿ ತಾನಾಗಿ ಹೇಳುತ್ತಿತ್ತು, ಮನಸ್ಸು ಮೇಜಿನ ಮೇಲಿನ ಬಟ್ಟೆಯ ಕಡೆಗಿತ್ತು.

ಈ ಚಳಿಗಾಲದ ಆರಂಭದಲ್ಲಿ ಬೈನಾಕ್ಯುಲರ್ ತಾರಸಿಯ ಕಟ್ಟೆಯಿಂದ ಜಾರಿ ಬಿದ್ದು ಅವನ ಕೈಗೆ ಬಂದಿತ್ತು. ಭಾವ ಗಡಿಯಾರ ರಿಪೇರಿಯವನು. ನಾಲ್ಕಂಗಡಿ ಆಚೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯ ತನಕ ಕಾಳಿನಷ್ಟು ಚಕ್ರಗಳ ಮೇಲೆ ಬಗ್ಗಿರುತ್ತಾನೆ. "ಚಕ್ರ ಆದ್ರೆ ನಾನೇ ನೋಡ್ಕೊಳ್ತಿದ್ದೆ, ಗಾಜು ನಿನ್ನ ಕಸುಬು," ಎಂದು ತಂದುಕೊಟ್ಟಿದ್ದ. ಪೆಟ್ಟೇನೂ ಆಗಿರಲಿಲ್ಲ. ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ಪ್ರಿಸಂಗಳೆಲ್ಲ ನೆಟ್ಟಗೇ ಇದ್ದವು. ಎರಡು ಕೊಳವೆಗಳೂ ಒಂದೇ ಕಡೆ ನೋಡಬೇಕು, ಅದು ಬೈನಾಕ್ಯುಲರಿನ ಜೀವ. ಒಂದು ಕೊಳವೆ ಕೂದಲೆಳೆಯಷ್ಟು ಬೇರೆ ಕಡೆ ನೋಡಿದರೆ ಚುಕ್ಕಿ ಎರಡಾಗಿ ಕಾಣುತ್ತದೆ. ಅದಕ್ಕಿಂತಲೂ ಕಡಿಮೆ ಓರೆಯಾದರೆ? ಆಗ ಎರಡಾಗಿ ಕಾಣುವುದಿಲ್ಲ. ಕಣ್ಣುಗಳೇ ಒದ್ದಾಡಿ, ಎಳೆದಾಡಿ ಎರಡನ್ನೂ ಕೂಡಿಸಿಕೊಳ್ಳುತ್ತವೆ. ನೋಡುವವನಿಗೆ ಏನೂ ತಿಳಿಯುವುದಿಲ್ಲ. ತಲೆ ಮಾತ್ರ ನೋವಿನಿಂದ ಸಿಡಿಯುತ್ತದೆ. ಪ್ರಿಸಂ ಹಿಡಿದಿರುವ ಸ್ಕ್ರೂವನ್ನು ಅಷ್ಟು ಮಾತ್ರ ತಿರುಗಿಸಿದ್ದ. ಹೆಂಡತಿಯ ಕೆಂಪು ಉಗುರುಬಣ್ಣದ ಒಂದು ತೊಟ್ಟನ್ನು ಸ್ಕ್ರೂವಿನ ತಲೆಗೆ ಹಾಕಿ ಕದಲದ ಹಾಗೆ ಮಾಡಿದ. ಆ ರಾತ್ರಿ ಊಟ ರುಚಿಯಾಗಿತ್ತು. ಹೆಂಡತಿ, "ಏನ್ರೀ, ಇವತ್ತು ಗೆಲುವಾಗಿದ್ದೀರಿ?" ಎಂದು ಕೇಳಿದಳು.

ಆಮೇಲಿನದು ಹಬ್ಬ. ಮೋಡವಿಲ್ಲದ ಸಂಜೆಗಳಲ್ಲಿ ಎಲ್ಲರೂ ಶಾಲು ಹೊದ್ದು ತಾರಸಿಗೆ ಬರುತ್ತಿದ್ದರು. ಭಾವ ಕೃತ್ತಿಕೆಯ ಗೊಂಚಲು ತೋರಿಸುತ್ತಿದ್ದ, ಮಹಾವ್ಯಾಧನ ನಡುಪಟ್ಟಿ ತೋರಿಸುತ್ತಿದ್ದ, ರೋಹಿಣಿಯ ಕೆಂಪು ತೋರಿಸುತ್ತಿದ್ದ. ತೋರಿಸಿ ತೋರಿಸಿ ಸ್ವಲ್ಪ ಹೊತ್ತಿಗೆ ಹುಬ್ಬು ಉಜ್ಜಿಕೊಳ್ಳುತ್ತಿದ್ದ. ನೀರಿನ ಟ್ಯಾಂಕಿನ ಮರೆಯಿಂದ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದನ್ನು ಕಾಯುತ್ತಿದ್ದ. ಬಂತು, ಬಲಗೈ ಮೇಲೆ ಹೋಯಿತು, ಉಜ್ಜಿಕೊಂಡ! ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತಿತ್ತು. ಒಂದು ದಿನ ಭಾವ ಬೀದಿದೀಪ ತೋರಿಸಿ, "ನೋಡ್ರೋ, ಇವಕ್ಕೂ ಕಿರೀಟ ಬಂದಿದೆ, ಕಾಮನಬಿಲ್ಲಿನ ಬಣ್ಣದ್ದು," ಅಂದ. ಉಳಿದವರು ಕಣ್ಣು ಕಿರಿದು ಮಾಡಿ ನೋಡಿ, ನಮಗೇನೂ ಕಾಣುತ್ತಿಲ್ಲವಲ್ಲ ಅಂದರು. ಎಳೆದಾಡಿದ ಕಣ್ಣು, ಇನ್ನೇನಾಗುತ್ತದೆ, ಎಂದುಕೊಂಡು ಅವನು ಕತ್ತಲಲ್ಲಿ ಹಲ್ಲು ಬಿಟ್ಟ. ಇನ್ನೊಂದು ದಿನ ಭಾವನಿಗೆ ದೇವಯಾನಿಯೇ ಸಿಗಲಿಲ್ಲ. "ನೇರ ನೋಡಿದ್ರೆ ಹ್ಯಾಗೂ ಸಿಗಲ್ಲ, ಓರೆಗಣ್ಣಲ್ಲೂ ಬರ್ತಿಲ್ಲ ಕಣೋ. ಊರಲ್ಲಿ ಹೊಗೆ ಜಾಸ್ತಿ ಆಯ್ತು." ಅದೇ ಬೈನಾಕ್ಯುಲರನ್ನು ನರ್ಸಮ್ಮ ಇಸಿದುಕೊಂಡು ನೋಡಿ, "ಇಲ್ಲೇ ಇದೆಯಲ್ಲಾ!" ಎಂದಾಗ ಭಾವನ ಮುಖ ಸಣ್ಣದಾಯಿತು. ಅಯ್ಯೋ, ಆ ಮುಖ! ಅದನ್ನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬಹುದಿತ್ತು. ನರ್ಸಮ್ಮನಿಗೆ ತಲೆ ಯಾಕೆ ನೋಯಲಿಲ್ಲ, ಯಾರಿಗೂ ಯಾಕೆ ನೋಯಲಿಲ್ಲ ಎಂಬ ಪ್ರಶ್ನೆ ಒಂದು ಸಲ ಬಂದು ಮೂಗು ತೂರಿಸಿತ್ತು. ಅವರೆಲ್ಲ ಅರೆಗಳಿಗೆ ನೋಡುವವರು, ಭಾವ ಗಂಟೆಗಟ್ಟಲೆ ನೋಡುವವನು ಎಂದು ಅದನ್ನು ಅಟ್ಟಿಬಿಟ್ಟಿದ್ದ.

ಅಕ್ಕ ಬಂದು ಹೇಳಿಕೊಳ್ಳುತ್ತಿದ್ದಳು: "ನಿಮ್ಮ ಭಾವಂಗೆ ಏನಾಗಿದೆಯೋ, ನಿನ್ನೆ ಬಾಗಿಲ ಚೌಕಟ್ಟಿಗೆ ಭುಜ ಹೊಡ್ಕೊಂಡ್ರು. ಪಕ್ಕದಲ್ಲೇ ಇಟ್ಟ ನೀರಿನ ಲೋಟ ಉರುಳಿಸಿದ್ರು. ಬೈದ್ರೆ, ನೀನು ಇಟ್ಟಿದ್ದು ಯಾವಾಗ ಅಂತ ನನ್ನೇ ಕೇಳ್ತಾರೆ." "ವಯಸ್ಸಾಯ್ತಲ್ಲಕ್ಕಾ," ಅನ್ನುತ್ತಿದ್ದ ಅವನು, ಬಾಯಲ್ಲಿ ಸಕ್ಕರೆ ಇಟ್ಟುಕೊಂಡವನ ಹಾಗೆ. ಚಳಿ ಬಲಿತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಭಾವನೇ ಅಂಗಡಿಗೆ ಬಂದ. ತಮಾಷೆ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, "ಸ್ವಲ್ಪ ನೋಡೋ. ಕತ್ತಲಲ್ಲಿ ನಿಂತ್ರೆ ಹಣೆ ಸಿಡಿಯುತ್ತೆ. ನಮ್ಮಮ್ಮ ಕೊನೆಗಾಲದಲ್ಲಿ ಗೋಡೆ ಸವರ್ಕೊಂಡು ಓಡಾಡ್ತಿದ್ಲಲ್ಲ, ಹಾಗೇನಾದ್ರೂ..." ಎಂದು ನಿಲ್ಲಿಸಿದ. ಭಾವ ಹೆದರಿದ್ದ! ಇಡೀ ಬೀದಿಯನ್ನು ನಗಿಸುವ ಮನುಷ್ಯ ತನ್ನ ಕುರ್ಚಿಯಲ್ಲಿ, ತನ್ನ ಹಲಗೆಯ ಎದುರು, ತನ್ನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತ ಕೂತಿದ್ದ. ಈ ಗಳಿಗೆಯನ್ನು ಎಷ್ಟು ಉದ್ದಕ್ಕೆ ಎಳೆಯಬಹುದೋ ಅಷ್ಟು ಎಳೆದ. ಹಲಗೆಯ ಕೊನೆಯ ಸಾಲಿನ ತನಕ ಭಾವ ತಡವರಿಸದೆ ಓದಿದ. ಸ್ಟೂಲು ಎಳೆದುಕೊಂಡು ಬೆರಳು ಆಡಿಸಬೇಕಾದ ಹೊತ್ತು ಬಂತು. ಯಾಕೆ ಸುಮ್ಮನೆ? ಕಣ್ಣು ಸರಿಯಿದೆಯೆಂದು ತನಗೆ ಗೊತ್ತೇ ಇತ್ತಲ್ಲ, ರೋಗ ಎಲ್ಲಿದೆಯೆಂದೂ ಗೊತ್ತಿತ್ತಲ್ಲ. ಡಾಕ್ಟರ ಹತ್ತಿರ ಕಳಿಸಿದರೆ ಅವರು ಕಣ್ಣಿಗೇನೂ ಆಗಿಲ್ಲ ಅನ್ನುತ್ತಾರೆ, ಆಗ ಭಾವನ ಅನುಮಾನ ಬೈನಾಕ್ಯುಲರಿಗೆ ತಿರುಗುತ್ತದೆ. "ಏನಿಲ್ಲ ಭಾವ, ಕಲ್ಲಿನ ಹಾಗಿದೆ ಕಣ್ಣು. ಡಾಕ್ಟರು ಗೀಕ್ಟರು ಅಂತ ಓಡಬೇಡಿ, ಸುಮ್ಮನೆ ಸುಲೀತಾರೆ. ಚಳಿಗೆ ತಲೆ ಹಿಡಿದಿರುತ್ತೆ, ಟೋಪಿ ಹಾಕ್ಕೊಳ್ಳಿ." ಭಾವ ಎದ್ದುನಿಂತು ಅವನ ಭುಜ ತಟ್ಟಿದ. "ಜೀವ ಬಂತು ಕಣೋ," ಅಂದ. ಹೋಗುವಾಗ ಬಾಗಿಲಿನ ಪಕ್ಕದ ಚೌಕಟ್ಟುಗಳ ಸ್ಟ್ಯಾಂಡಿಗೆ ಮೊಣಕೈ ತಾಗಿಸಿ ಅರ್ಧ ಕೆಡವಿಹೋದ. ಅವನು ಒಂದೊಂದಾಗಿ ಹೆಕ್ಕಿ ಜೋಡಿಸುತ್ತ ಸಿಳ್ಳೆ ಹಾಕಿದ್ದ.

ಮಧ್ಯಾಹ್ನ ಗಿರಾಕಿಗಳಲ್ಲೇ ಕಳೆದು ಆರು ಗಂಟೆಯಾಗುತ್ತ ಬಂತು. ಇನ್ನು ತಡಮಾಡಿದರೆ ಆಗದು ಎಂದು ಬಟ್ಟೆ ಸರಿಸಿ, ಚಿಮಟದ ತುದಿಯಿಂದ ರಬ್ಬರಿನ ಅಂಚು ಎಬ್ಬಿಸಿದ. ದೀಪ ಹತ್ತಿರ ಎಳೆದ. ಕೆಂಪು ಕಾಣಲಿಲ್ಲ. ತಪ್ಪು ಕೊಳವೆ ಬಿಚ್ಚಿದೆನೇನೋ ಎಂದು ಇನ್ನೊಂದನ್ನೂ ಬಿಚ್ಚಿ ನೋಡಿದ, ಅಲ್ಲಿನ ಸ್ಕ್ರೂ ಮುಟ್ಟಿದ್ದೇ ಇಲ್ಲ. ಮತ್ತೆ ಮೊದಲಿನದಕ್ಕೆ ಬಂದ. ಕೆಂಪು ಬಣ್ಣದ ಪುಡಿ ಸ್ಕ್ರೂವಿನ ಸುತ್ತ ಒಂದಿಷ್ಟು ಅಂಟಿಕೊಂಡಿತ್ತು. ತಲೆಯ ಗೀರು ಮೊದಲಿದ್ದ ಜಾಗಕ್ಕೆ ವಾಪಸ್ ಬಂದಿತ್ತು. ಅದರ ಮೇಲೆ ನೀಲಿ ಅರಗಿನ ಒಂದು ತೊಟ್ಟು, ದುಂಡಗೆ, ಅಚ್ಚುಕಟ್ಟಾಗಿ. ಆ ನೀಲಿ ಅರಗು ಬೀದಿಗೆಲ್ಲ ಗೊತ್ತು. ರಿಪೇರಿ ಮಾಡಿದ ಪ್ರತಿ ಗಡಿಯಾರದ ಬೆನ್ನಿಗೂ ಭಾವ ಅದೇ ತೊಟ್ಟು ಇಡುತ್ತಾನೆ. ಬೈನಾಕ್ಯುಲರನ್ನು ಬಾಗಿಲಿಗೆ ತಂದು ದೂರದ ಗೋಪುರದ ತುದಿಗೆ ಹಿಡಿದ. ಒಂದೇ ತುದಿ, ಚೂಪಾಗಿ, ಕಣ್ಣಿಗೆ ಒಂದಿಷ್ಟೂ ಎಳೆತವಿಲ್ಲ. ಯಾವಾಗ? ಅವನು ಶಟರ್ ಎಳೆದು, ಬೀಗ ಹಾಕುವುದನ್ನೂ ಮರೆತು, ಬೈನಾಕ್ಯುಲರನ್ನು ಎದೆಗೆ ಅವುಚಿಕೊಂಡು ಅಕ್ಕನ ಮನೆಗೆ ನಡೆದ.

ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. "ಅಕ್ಕಾ, ಇದನ್ನ ಭಾವ ಯಾವಾಗ ಬಿಚ್ಚಿದ್ರು?"

"ಅದಾ?" ಅಕ್ಕ ಅವನ ಮುಖ ನೋಡದೆ ದಿಂಬಿನ ಚೀಲ ಕೊಡವಿದಳು. "ನೀನು ಕೊಟ್ಟ ಮಾರನೇ ದಿನಾನೇ. ಒಂದೇ ರಾತ್ರಿ ನೋಡಿದ್ರು, ಏನೋ ಓರೆಯಾಗಿದೆ ಅಂತ ಸರಿಮಾಡ್ಕೊಂಡ್ರಪ್ಪ."

"ನಂಗೆ ಹೇಳಲೇ ಇಲ್ಲ?"

"ಬೇಡ ಅಂದ್ರು. ಅವನ ಕೈ ಒಂಚೂರು ತಪ್ಪಿದೆ, ಗೊತ್ತಾದ್ರೆ ಮತ್ತೆ ಎಲ್ಲರೂ ನಗ್ತಾರೆ, ಹೋದ ವರ್ಷ ನಾನೇ ಜಾಸ್ತಿ ಮಾಡಿಬಿಟ್ಟೆ, ಪಾಪ, ಅಂದ್ರು. ನೀನು ಕೇಳ್ದೆ ಅಂತ ಹೇಳ್ತಿದ್ದೀನಿ, ಅವರ ಹತ್ರ ಎತ್ತಬೇಡ ಮತ್ತೆ."

ಮೊದಲು ಬಂದದ್ದು ಸಿಟ್ಟು. ಮೈಯೆಲ್ಲ ಉರಿಯುವಂಥ ಸಿಟ್ಟು. ಪಾಪವಂತೆ! ಕೈ ತಪ್ಪಿದೆಯಂತೆ! ಇಂಥ ಕೆಲಸ ಬೇಕೆಂದು ಮಾಡುವ ತಾಕತ್ತು ತನಗಿದೆಯೆಂದು ಕೂಡ ಆ ಮನುಷ್ಯನಿಗೆ ಹೊಳೆಯಲಿಲ್ಲ. ಸೇಡು ತೀರಿಸಿಕೊಂಡೆ ಎಂದು ತಾನು ಟ್ಯಾಂಕಿನ ಮರೆಯಲ್ಲಿ ಹಿಗ್ಗುತ್ತಿದ್ದಾಗೆಲ್ಲ ಭಾವ ತನ್ನ ಮಾನ ಕಾಪಾಡುತ್ತ ನಿಂತಿದ್ದ. ಧರ್ಮಕ್ಕೆ ಹಾಕಿದ ತುತ್ತು. ಕೋಣೆಯ ಕಿಟಕಿ ಒಡೆದುಹಾಕಬೇಕೆನ್ನಿಸಿತು. ಅಕ್ಕ, "ಕಾಫಿ ಕುಡೀತೀಯಾ?" ಅಂದದ್ದು ಎಲ್ಲೋ ದೂರದಲ್ಲಿ ಕೇಳಿತು. ಒಂದೇ ರಾತ್ರಿ ನೋಡಿದ್ರು. ಮಾರನೇ ದಿನಾನೇ. ಅಂದರೆ ಇಡೀ ಚಳಿಗಾಲ ಎರಡು ಕೊಳವೆಗಳೂ ನೆಟ್ಟಗೇ ಇದ್ದವು. ನರ್ಸಮ್ಮನಿಗೆ ತಲೆ ನೋಯದೆ ಇದ್ದದ್ದು ಅದಕ್ಕೇ. ಹಾಗಾದರೆ, ಎಂದುಕೊಂಡ, ಹಾಗಾದರೆ ಭಾವ ಹುಬ್ಬು ಉಜ್ಜಿಕೊಳ್ಳುತ್ತಿದ್ದದ್ದು ಯಾವ ನೋವಿಗೆ? ಕತ್ತಲಲ್ಲಿ ನಿಂತರೆ ಹಣೆ ಸಿಡಿಯುತ್ತದೆ. ದೀಪದ ಸುತ್ತ ಕಾಮನಬಿಲ್ಲಿನ ಬಳೆ. ಭುಜ, ಲೋಟ, ಮೊಣಕೈ. ಗೋಡೆ ಸವರಿಕೊಂಡು ಓಡಾಡಿದ ತಾಯಿ. ಕಸುಬಿನವನಾಗಿ ತಾನು ದಾರಿಹೋಕನಿಗೂ ಬಾಯಿಪಾಠ ಒಪ್ಪಿಸುವ ಅದೇ ಕಳ್ಳ ಕಾಯಿಲೆ, ಎದುರು ಕುರ್ಚಿಯಲ್ಲಿ ಬಂದು ಕೂತು ತನ್ನ ಹೆಸರು ತಾನೇ ಹೇಳಿತ್ತು. ಡಾಕ್ಟರ ಹತ್ತಿರ ಓಡಬೇಡಿ ಎಂದು ಹೇಳಿ ಕಳಿಸಿದ್ದು ಈ ಬಾಯಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಟ್ಟನಡುವೆ ಮಾತ್ರ ನೋಡುವವನಿಗೆ ಅಂಚು ಸವೆದದ್ದು ಹೇಗೆ ತಿಳಿಯಬೇಕು? ತಿಳಿಯಬೇಕಾದವನು ತಾನು, ತಾನು ಹಲ್ಲು ಬಿಡುತ್ತಿದ್ದ. ಇಲ್ಲ, ಇರಲಾರದು, ಬರೀ ಚಳಿಯ ತಲೆನೋವೂ ಇರಬಹುದು. "ಭಾವ ಎಲ್ಲಿ?" ಅಂದ. "ಆಗಲೇ ಮೇಲೆ ಹೋದ್ರಲ್ಲ, ಕತ್ತಲಾಗೋ ಮುಂಚೆ ಕುರ್ಚಿ ಹಾಕಬೇಕು ಅಂತ. ಯಾಕೋ, ಮುಖ ಯಾಕೆ ಹಾಗಾಗಿದೆ?"

ಒಂದೊಂದೇ ಮೆಟ್ಟಿಲು ಹತ್ತಿದ. ಹೋದ ವರ್ಷ ಇದೇ ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿದಿದ್ದ. ತಾರಸಿಯಲ್ಲಿ ಸಂಜೆ ಮುಗಿದಿತ್ತು, ಮೆಟ್ಟಿಲ ಬಾಯಿಯ ದೀಪ ಹಚ್ಚಿದ್ದರು. ನರ್ಸಮ್ಮ, ಅವನ ಹೆಂಡತಿ, ಇನ್ನಿಬ್ಬರು ಆಗಲೇ ಬಂದಿದ್ದರು. ಅಕ್ಕ ಅವನ ಹಿಂದೆಯೇ ಮೇಲೆ ಬಂದಳು. ಭಾವ ಟೋಪಿ ಹಾಕಿಕೊಂಡು ಪಡುವಣಕ್ಕೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದ. ತಾನು ಹೇಳಿದ್ದಕ್ಕೇ ಹಾಕಿಕೊಂಡ ಉಣ್ಣೆಯ ಟೋಪಿ. ಚಳಿಗಾಲವೆಲ್ಲ ಅದನ್ನು ತೆಗೆದದ್ದೇ ಇಲ್ಲ. "ಬಾರಪ್ಪಾ ಧೂಮಕೇತು," ಭಾವ ಸದ್ದಿನ ಕಡೆ ಇಡೀ ತಲೆ ತಿರುಗಿಸಿದ, ಕಣ್ಣಷ್ಟೇ ಅಲ್ಲ, ಇಡೀ ತಲೆ. ಎಷ್ಟು ದಿನದಿಂದ ಹೀಗೆ ತಿರುಗುತ್ತಿದ್ದಾನೆ? "ತಂದ್ಯಾ? ದೇವಯಾನಿ ಇವತ್ತೋ ನಾಳೆಯೋ ಮುಳುಗಿಬಿಡ್ತಾಳೆ. ಒಂದು ಸಲ ನೋಡಿ ಕಳಿಸಿಕೊಡೋಣ. ಈ ವರ್ಷ ನನ್ನ ಮೇಲೆ ಮುನಿಸು ಅವಳಿಗೆ."

ಅವನು ಬೈನಾಕ್ಯುಲರ್ ಕೊಡಲಿಲ್ಲ. ಅದನ್ನು ಹೆಂಡತಿಯ ಕೈಗಿಟ್ಟು, ಒಂದು ಕುರ್ಚಿಯನ್ನು ಎಳೆದು ಭಾವನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ. ದೀಪ ಬೆನ್ನ ಹಿಂದಿತ್ತು. ಎದ್ದು ಕುರ್ಚಿಯನ್ನು ಒಂದಿಷ್ಟು ವಾರೆ ಮಾಡಿ, ಕೈ ಮೇಲೆ ಬೆಳಕು ಬೀಳುವ ಹಾಗೆ ಮತ್ತೆ ಕೂತ.

"ಭಾವ, ನನ್ನ ಮೂಗು ನೋಡಿ."

"ಯಾಕೋ, ಅದಕ್ಕೂ ಬಾಲ ಬಂತಾ?"

ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ನಗಲಿ, ಎಂದುಕೊಂಡ, ದೇವರೇ, ಈ ಮನುಷ್ಯ ನನ್ನನ್ನು ಜೀವನಪೂರ್ತಿ ಹೀಗೆಯೇ ನಗೆಪಾಟಲು ಮಾಡಲಿ, ಬೀದಿ ತುಂಬ ಧೂಮಕೇತು ಧೂಮಕೇತು ಎಂದು ಕೂಗಿಸಲಿ. "ಮೂಗನ್ನೇ ನೋಡ್ತಿರಿ ಭಾವ, ಆಚೆ ಈಚೆ ನೋಡಬಾರದು. ಪಕ್ಕದಿಂದ ಬೆರಳು ಆಡಿಸ್ಕೊಂಡು ಬರ್ತೀನಿ. ಕಂಡ ತಕ್ಷಣ ಹೇಳಿ."

"ಹೂಂ, ಹೇಳ್ತೀನಿ." ಭಾವ ಶಾಲೆಯ ಹುಡುಗನಂತೆ ನೆಟ್ಟಗೆ ಕೂತು ಅವನ ಮೂಗಿಗೆ ಕಣ್ಣು ನೆಟ್ಟ.

ಬಲಗೈ ಎತ್ತಿದ. ಟೋಪಿಯ ಅಂಚಿನ ಹಿಂದಿನಿಂದ ಬೆರಳು ಹೊರಟಿತು. ಹೊಲಿಗೆಯವಳು ಬಂತು ಎಂದು ನಕ್ಕ ಜಾಗ ದಾಟಿತು. ಭಾವನ ಕಿವಿ ದಾಟಿತು. ಹೇಳಿ ಭಾವ. ಕೆನ್ನೆಮೂಳೆಯ ನೇರಕ್ಕೆ ಬಂತು. ನರ್ಸಮ್ಮನ ನಗು ಮೊದಲು ನಿಂತಿತು. ಆಮೇಲೆ ಅವನ ಹೆಂಡತಿಯದು. ಅಕ್ಕ ಒಂದು ಹೆಜ್ಜೆ ಮುಂದೆ ಬಂದು, ಬೆರಳನ್ನೂ ಗಂಡನ ಮುಖವನ್ನೂ ನೋಡುತ್ತ ನಿಂತುಬಿಟ್ಟಳು. ಬೆರಳು ಈಗ ಹುಬ್ಬಿನ ಕೊನೆಯ ಹತ್ತಿರ, ಎಲ್ಲರ ಕಣ್ಣೆದುರು ಆಡುತ್ತಿತ್ತು.

ಭಾವ ಅವನ ಮೂಗನ್ನೇ ನೋಡುತ್ತ, ನಗುಮುಖದಲ್ಲೇ ಕಾಯುತ್ತಿದ್ದ. "ಆಯ್ತಲ್ಲೋ, ನೇರವಾಗೇ ನೋಡ್ತಿದ್ದೀನಿ," ಅಂದ. "ಇನ್ನು ಎತ್ತು ಬೆರಳು."